ಪದ ಬೇಕಾಗಿದೆ: ‘ಕಲ್ಚರಲಿ ರೆಸ್ಪಾನ್ಸಿವ್ ಟೀಚಿಂಗ್’ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನೋಣ?

ಮೈಸೂರಿನಿಂದ (ಪ್ರಶ್ನೆ)

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಪ್ರಾಥಮಿಕ ಶಾಲೆಯ ಶಿಕ್ಷಕರ ತರಬೇತಿಗಾಗಿ ಸಿದ್ಧವಾಗುತ್ತಿರುವ ಕೈಪಿಡಿಯೊಂದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇನೆ. ಅದರ ಒಂದು ಅಧ್ಯಾಯದ ತಲೆಬರಹ ‘ಕಲ್ಚರಲಿ ರೆಸ್ಪಾನ್ಸಿವ್ ಟೀಚಿಂಗ್’. ಇದೇ ಮಾತನ್ನು ತರಬೇತಿ ಕೊಠಡಿಯ ಗೋಡೆಗೆ ಹಾಕುವ ಫಲಕದ ಮೇಲೆಯೂ ಬರೆಸಬೇಕಾಗಿದೆ. ಪುಟಗಳು ಈ ಶುಕ್ರವಾರ ಮುದ್ರಣಕ್ಕೆ ಹೋಗುವುದರಿಂದ ಅದಕ್ಕಿಂತ ಮೊದಲು ತಮ್ಮ ಸಲಹೆಗಳು ಬಂದರೆ ಉಪಕಾರವಾಗುತ್ತದೆ.

ಸದ್ಯಕ್ಕೆ ಕರಡಿನಲ್ಲಿ ‘ಸಾಂಸ್ಕೃತಿಕವಾಗಿ ಸ್ಪಂದನಶೀಲ ಬೋಧನೆ’ ಎಂದಿದೆ. ಕರಡನ್ನು ಓದಿದ ಶಿಕ್ಷಕಿಯೊಬ್ಬರು ಇದು ಶಾಲಾ ವಾರ್ಷಿಕೋತ್ಸವದ ಸಿದ್ಧತೆಯನ್ನು ಕುರಿತ ಅಧ್ಯಾಯವೇ ಎಂದು ವಿಚಾರಿಸಿದರು. ಅವರು ಹಾಗೆ ಕೇಳಿದ್ದು ಸಹಜವೇ ಆಗಿದೆ. ನಮ್ಮ ಶಾಲೆಗಳಲ್ಲಿ ‘ಸಾಂಸ್ಕೃತಿಕ’ ಎಂಬ ಪದದ ಬೆನ್ನಿಗೆ ‘ಕಾರ್ಯಕ್ರಮ’ ಎಂಬುದು ತಾನಾಗಿಯೇ ಬಂದುಬಿಡುತ್ತದೆ. ಕೋಲಾಟ, ಪ್ರತಿಭಾ ಕಾರಂಜಿ, ವೇಷಭೂಷಣ ಇವೇ ಕಣ್ಣ ಮುಂದೆ ನಿಲ್ಲುತ್ತವೆ.

ಅಧ್ಯಾಯದ ಹುರುಳು ಬೇರೆಯೇ ಇದೆ. ಹೆಗ್ಗಡದೇವನಕೋಟೆಯ ಹಾಡಿಯೊಂದರಿಂದ (ಬುಡಕಟ್ಟಿನವರ ವಸತಿಯಿಂದ) ಬರುವ ಜೇನುಕುರುಬರ ಹುಡುಗ ಹೆಜ್ಜೇನು, ತುಡುವೆ, ಕೋಲುಜೇನುಗಳನ್ನು ಅವು ಹುಟ್ಟಿ ಕಟ್ಟುವ ಜಾಗ ನೋಡಿಯೇ ಹೇಳಬಲ್ಲವನಾಗಿದ್ದರೂ, ಪಠ್ಯಪುಸ್ತಕದ ಜೇನುನೊಣದ ಪಾಠ ನಡೆಯುವಾಗ ತುಟಿ ಬಿಚ್ಚದೆ ಕುಳಿತಿರುತ್ತಾನೆ, ಮೇಷ್ಟ್ರು ಅವನನ್ನು ದಡ್ಡನೆಂದು ಬಗೆಯುತ್ತಾರೆ. ಆ ಮಗು ತಿಳಿದುಕೊಂಡು ಬಂದಿರುವುದನ್ನು ಶಿಕ್ಷಕರು ಮೊದಲು ತಾವು ಕಲಿತು, ಉದಾಹರಣೆಯಿಂದ ಹಿಡಿದು ಪ್ರಶ್ನೆ ಕೇಳುವ ರೀತಿ, ಉತ್ತರ ಅಳೆಯುವ ರೀತಿಯವರೆಗೆ ತಮ್ಮ ಪಾಠವನ್ನೇ ತಿದ್ದಿಕೊಳ್ಳಬೇಕೆಂಬುದು ಅಧ್ಯಾಯದ ಆಗ್ರಹ. ಇಷ್ಟನ್ನು ಹೊರಬಲ್ಲ ಪದ ಯಾವುದು?

ಬೆಂಗಳೂರಿನಿಂದ

ಮೇಡಂ, ಕರಡಿನ ಪದಪುಂಜದಲ್ಲಿರುವ ತೊಡಕು ವಾರ್ಷಿಕೋತ್ಸವಕ್ಕಿಂತ ಮೊದಲೇ ಹುಟ್ಟಿಕೊಂಡಿದೆ. ‘ಸಾಂಸ್ಕೃತಿಕವಾಗಿ ಸ್ಪಂದಿಸು’ ಎಂದರೆ ಕನ್ನಡದಲ್ಲಿ ಸ್ಪಂದಿಸುವ ರೀತಿ ಸಾಂಸ್ಕೃತಿಕವಾದದ್ದು ಎಂದರ್ಥವೇ ಹೊರತು, ಸಂಸ್ಕೃತಿಗೆ ಸ್ಪಂದಿಸುವುದು ಎಂದಲ್ಲ. ಇಂಗ್ಲಿಷಿನ ಕ್ರಿಯಾವಿಶೇಷಣಕ್ಕೆಲ್ಲ ‘ಆಗಿ’ ಹಚ್ಚುವ ಚಾಳಿಯಿಂದ ಬಂದ ಅನರ್ಥವಿದು. ಇಲ್ಲಿ ಬೇಕಾಗಿರುವುದು ಚತುರ್ಥಿ, ಅಂದರೆ ‘ಗೆ’ ವಿಭಕ್ತಿ.

‘ಸಂಸ್ಕೃತಿಸ್ಪಂದಿ ಬೋಧನೆ’ ಎನ್ನಿ. ಸತ್ಯವಾದಿ, ಸಹವಾಸಿಗಳ ಹಾಗೆ ಇನ್ನಂತ ರೂಪ, ಅಂದರೆ ಸಂಸ್ಕೃತದ ‘ಇನ್’ ಪ್ರತ್ಯಯ ಸೇರಿದ್ದು. ಚಿಕ್ಕದಾಗಿದೆ, ಫಲಕದ ಮೇಲೆಯೂ ಕೂರುತ್ತದೆ.

ಧಾರವಾಡದಿಂದ

ಒಪ್ಪಲಾಗದು. ‘ಸ್ಪದಿ ಕಿಂಚಿಚ್ಚಲನೇ’ ಎನ್ನುತ್ತದೆ ಸಂಸ್ಕೃತ ಧಾತುಗಳ ಪಟ್ಟಿಯಾದ ಧಾತುಪಾಠ. ‘ಸ್ಪಂದ’ವೆಂದರೆ ತುಸುವೇ ಅಲುಗುವುದು, ಮಿಡಿಯುವುದು. ಪಾಠದ ಕ್ರಮವನ್ನೇ ಬದಲಿಸಿಕೊಳ್ಳಿರೆಂದು ಶಿಕ್ಷಕರಿಗೆ ಹೇಳಬೇಕಾದ ಕಡೆಯಲ್ಲಿ, ಸ್ವಲ್ಪ ಅಲುಗಿದರೆ ಸಾಕೆಂಬ ಪದವನ್ನು ಇಡುವುದು ಸರಿಯಲ್ಲ.

ನಮ್ಮಲ್ಲಿ ‘ಓಗೊಡು’ ಇದೆ. ಕರೆದವರಿಗೆ ‘ಓ’ ಎನ್ನುವುದೇ ಓಗೊಡುವುದು. ಆದೇಶಸಂಧಿಯನ್ನು ಬಿಡಿಸಿ ತೋರಿಸುವ ಅಗತ್ಯ ಈ ಬಳಗದಲ್ಲಿ ಇಲ್ಲ. ‘ಸಂಸ್ಕೃತಿ’ಗೆ ‘ನಡೆನುಡಿ’ ಇದೆ. ‘ಬೋಧನೆ’ ಎಂಬುದರಲ್ಲಿ ಹೇಳುವವನು ಮೇಲೆ, ಕೇಳುವವನು ಕೆಳಗೆ ಕುಳಿತಿರುತ್ತಾನೆ. ಈ ಅಧ್ಯಾಯ ತೆಗೆದುಹಾಕಲು ಹೊರಟಿರುವುದೇ ಆ ಏರುತಗ್ಗನ್ನು. ಆದ್ದರಿಂದ ‘ನಡೆನುಡಿಗೆ ಓಗೊಡುವ ಕಲಿಸುವಿಕೆ’. ಇದಕ್ಕಿಂತ ಬೇರೆ ಪದ ಬೇಕಾಗಿಲ್ಲ.

ಬೆಂಗಳೂರಿನಿಂದ

ಧಾತುವಿಗೆ ದೋಷ ಹೊರಿಸುವ ಮುನ್ನ ಎರಡೂ ಧಾತುಗಳನ್ನು ನೋಡಬೇಕಿತ್ತು. ‘ಬುಧ್’ ಎಂದರೆ ಎಚ್ಚರಗೊಳ್ಳುವುದು. ‘ಬೋಧನೆ’ ಎಂದರೆ ಎಚ್ಚರಗೊಳಿಸುವುದು. ಅದರಲ್ಲಿ ಮೇಲು ಕೀಳಿನ ಮಾತೇ ಇಲ್ಲ. ಇನ್ನು ‘ಸ್ಪಂದಿಸು’ ಇಂದು ಕನ್ನಡದ ಕ್ರಿಯಾಪದ. ಅದರ ಅರ್ಥ ನಿಲ್ಲುವುದು ಕನ್ನಡಿಗರ ಬಳಕೆಯ ಮೇಲೆ. ಹಿಂದಿಯಲ್ಲಿ ‘ಉಪನ್ಯಾಸ’ ಕಾದಂಬರಿ, ನಮ್ಮಲ್ಲಿ ಭಾಷಣ. ಅಲ್ಲಿ ‘ಶಿಕ್ಷಾ’ ವಿದ್ಯೆ, ನಮ್ಮಲ್ಲಿ ‘ಶಿಕ್ಷೆ’ ದಂಡನೆ. ಸಂಸ್ಕೃತದಿಂದ ಬಂದ ಪದ ಕನ್ನಡದ ಮನೆಯಲ್ಲಿ ಬೇರೆ ಅರ್ಥ ಪಡೆದ ಮೇಲೆ ಅದನ್ನು ಧಾತುಪಾಠಕ್ಕೆ ಹಿಂದಿರುಗಿಸಿ ವಿಚಾರಣೆ ನಡೆಸುವುದು ವ್ಯಾಕರಣವಾಗದು.

ನ್ಯೂಜೆರ್ಸಿಯಿಂದ

ನಾನು ಇಲ್ಲಿನ ಸರ್ಕಾರಿ ಶಾಲೆಯೊಂದರಲ್ಲಿ ಕಲಿಸುತ್ತೇನೆ. ಈ ಪದ ಹುಟ್ಟಿದ ನೆಲದ ಹಿನ್ನೆಲೆಯನ್ನು ಹೇಳಿದರೆ ಚರ್ಚೆಗೆ ನೆರವಾಗಬಹುದು.

ಆಫ್ರಿಕನ್-ಅಮೆರಿಕನ್ ಮಕ್ಕಳು ಹಿಂದೆ ಬೀಳಲು ಅವರಲ್ಲಿಯೇ, ಅವರ ಮನೆಗಳಲ್ಲಿಯೇ ಏನೋ ಕೊರತೆಯಿದೆ ಎಂದು ಹೇಳುತ್ತಿದ್ದ ಕಾಲದಲ್ಲಿ, ಶಿಕ್ಷಣ ಸಂಶೋಧಕಿ ಗ್ಲೋರಿಯಾ ಲ್ಯಾಡ್ಸನ್-ಬಿಲ್ಲಿಂಗ್ಸ್ ಅವರು ಆ ಮಕ್ಕಳಿಗೆ ಯಶಸ್ವಿಯಾಗಿ ಕಲಿಸುತ್ತಿದ್ದ ಶಿಕ್ಷಕರನ್ನು ಹುಡುಕಿ ಅವರ ತರಗತಿಗಳನ್ನು ಅಭ್ಯಾಸ ಮಾಡಿದರು. 1995ರಲ್ಲಿ ಅವರು ಮುಂದಿಟ್ಟ ಪದ ‘ರೆಲೆವೆಂಟ್’. ಜಿನೀವಾ ಗೇ ಅವರ ‘ರೆಸ್ಪಾನ್ಸಿವ್’ ಕುರಿತ ಪುಸ್ತಕ ಬಂದದ್ದು 2000ದಲ್ಲಿ. 2012ರಲ್ಲಿ ಜಾಂಗೋ ಪ್ಯಾರಿಸ್ ಅವರು ಇವೆರಡೂ ಸಾಕಾಗುವುದಿಲ್ಲವೆಂದು, ಮಕ್ಕಳ ಭಾಷೆ ಮತ್ತು ಬದುಕಿನ ಕ್ರಮಗಳನ್ನು ಶಾಲೆ ಉಳಿಸಿ ಬೆಳೆಸಬೇಕೆಂದು ‘ಸಸ್ಟೇನಿಂಗ್’ ಎಂಬ ಪದವನ್ನು ತಂದರು. ಆದ್ದರಿಂದ ಪದಗಳನ್ನು ಬೆರೆಸದಿರುವುದು ಮುಖ್ಯ; ‘ಪ್ರಸ್ತುತ’, ‘ಸ್ಪಂದಿಸುವ’, ‘ಉಳಿಸಿ ಬೆಳೆಸುವ’ ಎಂಬ ಮೂರೂ ಬೇರೆ ಬೇರೆಯಾಗಿಯೇ ಇರಲಿ.

ಇನ್ನೊಂದು ಮಾತು. ಇಲ್ಲಿ ‘ಕಲ್ಚರ್’ ಎಂದರೆ ಹಬ್ಬ, ಉಡುಗೆ, ಊಟಗಳಷ್ಟೇ ಅಲ್ಲ. 1970ರ ದಶಕದಲ್ಲಿ ಹವಾಯಿಯಲ್ಲಿ ನಡೆದ ಒಂದು ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ಅಲ್ಲಿನ ಮೂಲನಿವಾಸಿ ಮಕ್ಕಳು ಮನೆಯಲ್ಲಿ ಕಥೆ ಹೇಳುವಾಗ ಒಬ್ಬರ ಮಾತಿಗೆ ಇನ್ನೊಬ್ಬರು ದನಿಗೂಡಿಸುತ್ತ, ನಡುವೆಯೇ ಮಾತು ಸೇರಿಸುತ್ತ, ಎಲ್ಲರೂ ಕೂಡಿ ಕಥೆ ಕಟ್ಟುತ್ತಾರೆ. ಶಾಲೆಯಲ್ಲಿ ಕೈ ಎತ್ತಿ, ಹೆಸರು ಕರೆದ ಮೇಲೆ ಒಬ್ಬೊಬ್ಬರಾಗಿ ಉತ್ತರಿಸಬೇಕೆಂಬ ನಿಯಮದ ಮುಂದೆ ಅವರು ಮೌನವಾಗುತ್ತಿದ್ದರು. ಓದಿನ ಪಾಠದಲ್ಲಿ ಕೂಡಿ ಮಾತಾಡುವುದಕ್ಕೆ ಎಡೆ ಮಾಡಿಕೊಟ್ಟಾಗ ಅವರು ಪಾಠದೊಳಕ್ಕೆ ಬಂದರು. ಅಲ್ಲಿ ಶಿಕ್ಷಕರು ಬದಲಿಸಿದ್ದು ಪಾಠದ ಮಾತುಕತೆಯ ಕ್ರಮವನ್ನು.

ಚಾಮರಾಜನಗರದಿಂದ

ಎಲ್ಲರಿಗೂ ನಮಸ್ಕಾರ. ಬಿಳಿಗಿರಿರಂಗನ ಬೆಟ್ಟದ ಸೀಮೆಯ ಪೋಡುಗಳಿಂದ (ಸೋಲಿಗರ ವಸತಿಗಳಿಂದ) ಬರುವ ಸೋಲಿಗ ಮಕ್ಕಳು ನನ್ನ ತರಗತಿಯಲ್ಲಿದ್ದಾರೆ. ಅವರನ್ನು ಮುಂದಿಟ್ಟುಕೊಂಡೇ ಎರಡು ಮಾತು ಹೇಳುತ್ತೇನೆ.

ಮೊದಲನೆಯದು, ಪದದಲ್ಲಿ ನುಡಿ ಇರಲೇಬೇಕು. ತಾಂಡಾದ ಲಂಬಾಣಿ ಮಗು ಮನೆಯಲ್ಲಿ ತನ್ನ ನುಡಿಯಾದ ಗೋರಬೋಲಿ ಆಡಿದರೆ, ಅದು ಕನ್ನಡಕ್ಕೆ ಸಂಬಂಧವಿಲ್ಲದ ಭಾಷೆಯೆಂದು ಶಿಕ್ಷಕರಿಗೆ ಮೊದಲ ದಿನವೇ ಗೊತ್ತಾಗುತ್ತದೆ, ಆ ಮಗುವಿಗೆ ಕನ್ನಡವನ್ನು ಹೊಸ ಭಾಷೆಯಾಗಿ ಕಲಿಸಬೇಕೆಂಬ ಎಚ್ಚರ ಒಂದಿಷ್ಟಾದರೂ ಇರುತ್ತದೆ. ಸೋಲಿಗರ ನುಡಿ ಕನ್ನಡಕ್ಕೆ ತೀರ ಹತ್ತಿರದ್ದು. ಹತ್ತಿರವಾಗಿರುವುದೇ ಮಗುವಿಗೆ ಮುಳುವಾಗುತ್ತದೆ. ಅದನ್ನು ಬೇರೆ ನುಡಿಯೆಂದು ಕಾಣದೆ ‘ತಪ್ಪು ಕನ್ನಡ’ವೆಂದು ಎಣಿಸಿ, ಮಗು ಬಾಯಿ ತೆರೆದಾಗಲೆಲ್ಲ ತಿದ್ದುತ್ತ ಹೋಗುತ್ತಾರೆ; ಕೆಲವು ವಾರಗಳಲ್ಲಿ ಮಗು ಬಾಯಿ ತೆರೆಯುವುದನ್ನೇ ನಿಲ್ಲಿಸುತ್ತದೆ. ಬೆಂಗಳೂರಿಗೆ ಗುಳೆ ಹೋದ ಕಲಬುರಗಿ, ರಾಯಚೂರು ಕಡೆಯವರ ಮಕ್ಕಳಿಗೂ ಅಲ್ಲಿನ ಶಾಲೆಗಳಲ್ಲಿ ಇದೇ ಪಾಡು. ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿಯೇ ಮಗು ಭಯವಿಲ್ಲದೆ ತನ್ನ ಅಭಿಪ್ರಾಯ ಹೇಳುವಂತಿರಬೇಕೆಂದು ಬರೆದಿದೆ. ತನ್ನ ಮಾತೇ ತಪ್ಪೆಂದು ಕೇಳಿಸಿಕೊಂಡ ಮಗುವಿಗೆ ಆ ನಿರ್ಭಯ ಎಲ್ಲಿಂದ ಬರಬೇಕು?

ಎರಡನೆಯದು, ಧಾರವಾಡದ ಸರ್ ಸೂಚಿಸಿದ ‘ನಡೆನುಡಿ’ ಕೇಳಲು ಚೆನ್ನಾಗಿದ್ದರೂ ಶಾಲೆಯಲ್ಲಿ ಅದಕ್ಕೆ ಬೇರೆ ಬಣ್ಣವಿದೆ. ನಡತೆ ಪ್ರಮಾಣಪತ್ರ ಬರೆಯುವ ನಮಗೆ ‘ಮಕ್ಕಳ ನಡೆನುಡಿ’ ಎಂದೊಡನೆ ಶಿಸ್ತು ನೆನಪಾಗುತ್ತದೆ. ‘ಓಗೊಡು’ ನಮ್ಮ ಸೀಮೆಯಲ್ಲಿ ಬಳಕೆಯಲ್ಲಿರುವ ಮಾತೇ. ಆದರೆ ಓಗೊಡಬೇಕಾದರೆ ಮೊದಲು ಯಾರಾದರೂ ಕರೆಯಬೇಕು. ಕರೆಯುವ ಧೈರ್ಯವನ್ನೇ ಕಳೆದುಕೊಂಡ ಮಗುವಿನ ಬಳಿಗೆ ಶಿಕ್ಷಕರು ತಾವಾಗಿ ಹೋಗಬೇಕಾಗಿರುವುದರಿಂದ ಈ ಪದ ಅರ್ಧ ದಾರಿಯಲ್ಲೇ ನಿಲ್ಲುತ್ತದೆ ಎಂದು ನನಗೆ ತೋರುತ್ತದೆ.

ನನ್ನ ಸಲಹೆ ‘ಬದುಕರಿತ ಬೋಧನೆ’. ದೊಡ್ಡ ಸಂಪಿಗೆ ಮರವನ್ನು ದೇವರೆಂದು ಪೂಜಿಸುವ ಮನೆಯ ಮಗುವಿಗೆ ‘ಮರಗಳ ಉಪಯೋಗಗಳು’ ಎಂಬ ಪಾಠವನ್ನು ಮರಮುಟ್ಟಿನ ಪಟ್ಟಿಯಿಂದ ಆರಂಭಿಸಬಾರದೆಂಬ ಅರಿವು ಶಿಕ್ಷಕರಿಗೆ ಮೊದಲು ಬರಬೇಕು.

ಧಾರವಾಡದಿಂದ

ಮೌನವೂ ಒಂದು ಕರೆಯೇ. ಅದನ್ನು ಕೇಳಿಸಿಕೊಳ್ಳದ ಕಿವಿಗೆ ಯಾವ ಪದವೂ ನೆರವಾಗದು.

‘ಅರಿತ’ ಸಾಲದು. ಮಗುವಿನ ಬದುಕನ್ನು ಚೆನ್ನಾಗಿ ಅರಿತಿದ್ದೂ ಪಾಠವನ್ನು ಕೂದಲೆಳೆಯಷ್ಟೂ ಬದಲಿಸದವರು ಇದ್ದಾರೆ. ಮಾಡುವಿಕೆಯನ್ನು ಹೇಳುವ ಕ್ರಿಯೆ ಬೇಕು.

ಬೆಂಗಳೂರಿನಿಂದ

ಈ ಒಂದು ಅಂಶದಲ್ಲಿ ಧಾರವಾಡದವರ ಮಾತನ್ನು ಒಪ್ಪುತ್ತೇನೆ. ‘ಬದುಕರಿತ’ ಕ್ರಿಯಾಸಮಾಸ, ಅದು ಮುಂದಿನ ‘ಬೋಧನೆ’ಯೊಡನೆ ಸೇರಿದಾಗ ಗಮಕಸಮಾಸ. ಹೀಗಾಗಿ ಕನ್ನಡ-ಸಂಸ್ಕೃತ ಪದಗಳನ್ನು ಬೆರೆಸಿದ ಅರಿಸಮಾಸವೆಂಬ ಆಕ್ಷೇಪಣೆಗೆ ಎಡೆಯಿಲ್ಲ. ಆದರೆ ಅರ್ಥ ಅರಿವಿನಲ್ಲೇ ನಿಂತುಬಿಡುತ್ತದೆ.

ಹುಬ್ಬಳ್ಳಿಯಿಂದ

ಇಷ್ಟು ಜಗ್ಗಾಟ ಏಕೆ? ಶಿಕ್ಷಕರಿಗೆ ಎಸ್.ಡಿ.ಎಂ.ಸಿ., ಬಿ.ಇ.ಒ., ಸಿ.ಆರ್.ಪಿ. ಎಂಬ ಇಲಾಖೆಯ ಇಂಗ್ಲಿಷ್ ಸಂಕ್ಷೇಪಗಳೆಲ್ಲ ಬಾಯಿಪಾಠವಾಗಿವೆ. ಇಂಗ್ಲಿಷ್ ಪದಪುಂಜದ ಮೊದಲಕ್ಷರಗಳನ್ನೇ ತೆಗೆದುಕೊಂಡು ‘ಸಿ.ಆರ್.ಟಿ.’ ಎಂದು ಬರೆದು ಕೆಳಗೆ ವಿವರಣೆ ಕೊಟ್ಟರೆ ಸಾಕು. ‘ಮೇಷ್ಟ್ರು’, ‘ಹಾಜರಿ’, ‘ರಜಾ’, ‘ಸ್ಲೇಟು’ ಯಾವುವೂ ಇಲ್ಲಿ ಹುಟ್ಟಿದ ಪದಗಳಲ್ಲ, ಆದರೂ ಅವು ಕನ್ನಡವೇ ಆಗಿವೆ.

ಧಾರವಾಡದಿಂದ

‘ಹಾಜರಿ’ಯನ್ನು ಜನ ತಂದರು, ‘ಸಿ.ಆರ್.ಟಿ.’ಯನ್ನು ಕಚೇರಿ ತರುತ್ತದೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಜನರ ಬಾಯಿಂದ ಬಂದ ಎರವಲಿಗೆ ನನ್ನ ಯಾವ ತಕರಾರೂ ಇಲ್ಲ. ಅರ್ಥವನ್ನು ಮುಚ್ಚಿಡುವ ಸಂಕ್ಷೇಪಕ್ಕೆ ಇದೆ. ಮೂರು ಅಕ್ಷರಗಳನ್ನು ಓದಿದ ಶಿಕ್ಷಕರಿಗೆ ತಾವು ಏನು ಮಾಡಬೇಕೆಂದು ತಿಳಿಯುವುದಿಲ್ಲ.

ಕನ್ನಡದಲ್ಲಿ ಹೆಸರಿಟ್ಟರೆ ನಿಲ್ಲುವುದಿಲ್ಲವೆಂಬ ಅಂಜಿಕೆಗೆ ‘ನಲಿ-ಕಲಿ’ಯೇ ಉತ್ತರ. 1995ರಲ್ಲಿ ಅದೇ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾದ, ಚಟುವಟಿಕೆಗಳ ಮೂಲಕ ಕಲಿಸುವ ಆ ಕ್ರಮದ ಹೆಸರು ಎರಡೇ ಎರಡು ಕನ್ನಡ ಧಾತುಗಳಿಂದಾದದ್ದು. ಇಂದು ರಾಜ್ಯದ ಯಾವ ಪ್ರಾಥಮಿಕ ಶಾಲೆಯ ಶಿಕ್ಷಕರಿಗೂ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದರ ಪಕ್ಕದಲ್ಲಿ ಶಿಕ್ಷಣ ಇಲಾಖೆಯ ಕಾರ್ಯಕ್ರಮದ ಹೆಸರಾದ ‘ಕಲಿಕಾ ಚೇತರಿಕೆ’ಯನ್ನು ಇಟ್ಟು ನೋಡಿ. ‘ಕಲಿಕೆ’ ಕನ್ನಡದ ಪದ. ‘ಶಿಕ್ಷಣಾ’, ‘ಪರೀಕ್ಷಾ’ ಎಂಬ ಹಾಗೆ ‘ಕಲಿಕಾ’ ಎಂದು ಎಳೆಯುವುದಕ್ಕೆ ಯಾವ ವ್ಯಾಕರಣದಲ್ಲಿಯೂ ಆಧಾರವಿಲ್ಲ. ‘ಕಲಿಕಾ’ ಎಂದರೆ ಸಂಸ್ಕೃತದಲ್ಲಿ ಮೊಗ್ಗು.

ಬೆಂಗಳೂರಿನಿಂದ

‘ಶಿಕ್ಷಣಾ’ ಎಂಬುದೂ ಅಸಾಧುವೇ, ‘ಶಿಕ್ಷಣ’ ಅಕಾರಾಂತ. ಉಳಿದಂತೆ ‘ಕಲಿಕಾ’ ಕುರಿತ ಮಾತು ಸರಿಯಾಗಿದೆ.

ನ್ಯೂಜೆರ್ಸಿಯಿಂದ

ಎರವಲಿನ ವಾದ ಬೆಳೆಯುವ ಮುನ್ನ ಒಂದು ವಿನಂತಿ. ಆಯ್ಕೆ ಯಾವುದೇ ಆಗಲಿ, ‘ಹಿಂದುಳಿದ ಮಕ್ಕಳಿಗಾಗಿ’ ಎಂಬ ಸುಳಿವು ಅದರಲ್ಲಿ ಬಾರದಿರಲಿ. ಲ್ಯಾಡ್ಸನ್-ಬಿಲ್ಲಿಂಗ್ಸ್ ಅವರು ಬೇಡಿದ್ದು ಮೂರನ್ನು: ಮಕ್ಕಳು ಓದಿನಲ್ಲಿ ನಿಜವಾಗಿ ಗೆಲ್ಲಬೇಕು, ತಮ್ಮ ಬದುಕಿನ ಬೇರನ್ನು ಬಿಡದೆ ಇತರರ ಬದುಕನ್ನೂ ತಿಳಿಯಬೇಕು, ಸುತ್ತಲಿನ ಅನ್ಯಾಯವನ್ನು ಗುರುತಿಸಿ ಪ್ರಶ್ನಿಸಬಲ್ಲವರಾಗಬೇಕು. ಮಕ್ಕಳ ಹಾಡೊಂದನ್ನು ಹಾಡಿಸಿ ಗಣಿತವನ್ನು ಸುಲಭ ಮಾಡಿ ಮುಗಿಸುವ ತರಗತಿಯನ್ನು ಅವರು ಈ ಹೆಸರಿನಿಂದ ಕರೆಯಲಿಲ್ಲ.

ಮೈಸೂರಿನಿಂದ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ಕೃತಜ್ಞತೆಗಳು. ನಾಳೆ ಪುಟಗಳನ್ನು ಕಳುಹಿಸಬೇಕಾಗಿರುವುದರಿಂದ ನನ್ನ ತೀರ್ಮಾನವನ್ನು ಕಾರಣಸಹಿತವಾಗಿ ತಿಳಿಸುತ್ತೇನೆ.

ಅಧ್ಯಾಯದ ತಲೆಬರಹ ಮತ್ತು ಗೋಡೆಯ ಫಲಕದಲ್ಲಿ ‘ಮಕ್ಕಳ ಬದುಕಿಗೂ ನುಡಿಗೂ ಸ್ಪಂದಿಸುವ ಬೋಧನೆ’ ಎಂದು ಬರೆಸುತ್ತೇನೆ. ಉದ್ದವಾಯಿತು, ನಿಜ, ಆದರೆ ಓದಿದ ಶಿಕ್ಷಕರಿಗೆ ವೇದಿಕೆಯಾಗಲಿ ಶಿಸ್ತಾಗಲಿ ನೆನಪಾಗುವುದಿಲ್ಲ. ‘ಬದುಕು’ ಮಾತ್ರ ಇಟ್ಟರೆ ಬಡತನ, ಆರೋಗ್ಯಗಳ ಕಡೆಗೆ ಅರ್ಥ ಹರಿದುಹೋಗಿ ಸೋಲಿಗ ಮಗುವಿನ ‘ತಪ್ಪು ಕನ್ನಡ’ದ ಪ್ರಶ್ನೆ ಕಾಣೆಯಾಗುತ್ತದೆ, ಅದಕ್ಕಾಗಿ ‘ನುಡಿ’ಯನ್ನು ಬಿಡಿಯಾಗಿ ಹೇಳಿದ್ದೇನೆ. ‘ಓಗೊಡುವ’ ಎಂಬುದನ್ನು ತಲೆಬರಹಕ್ಕೆ ತೆಗೆದುಕೊಳ್ಳಲಾಗಲಿಲ್ಲ. ಆದರೆ ತರಗತಿಯ ಮೌನವನ್ನು ಕುರಿತ ಭಾಗದಲ್ಲಿ, ಮಗುವಿನ ಮೌನಕ್ಕೂ ಓಗೊಡಬೇಕೆಂಬ ವಾಕ್ಯವನ್ನು ಸೇರಿಸಿಕೊಳ್ಳಲು ಧಾರವಾಡದ ಸರ್ ಅವರ ಅನುಮತಿ ಬೇಡುತ್ತೇನೆ.

ಪರಿಭಾಷೆಯ ಪಟ್ಟಿಯಲ್ಲಿ ‘ಸಂಸ್ಕೃತಿಸ್ಪಂದಿ ಬೋಧನೆ’ ಇರುತ್ತದೆ. ಅದರ ಎದುರಿಗೆ ಈ ವಿವರಣೆ: ‘ಮಗು ಮನೆಯಿಂದ, ಕೇರಿಯಿಂದ, ಹಾಡಿಯಿಂದ, ತಾಂಡಾದಿಂದ ತರುವ ತಿಳಿವಳಿಕೆ, ನುಡಿ ಮತ್ತು ಮಾತುಕತೆಯ ಕ್ರಮವನ್ನು ಕಲಿಕೆಯ ಬಂಡವಾಳವೆಂದು ಬಗೆದು, ಅದಕ್ಕೆ ತಕ್ಕಂತೆ ಶಿಕ್ಷಕರು ತಮ್ಮ ಪಾಠ, ಪ್ರಶ್ನೆ ಮತ್ತು ಮೌಲ್ಯಮಾಪನಗಳನ್ನು ಬದಲಿಸಿಕೊಳ್ಳುವ ಬೋಧನೆ.’ ‘ಹಿಂದುಳಿದ’ ಎಂಬ ಪದವನ್ನು ಇಡೀ ಅಧ್ಯಾಯದಿಂದ ತೆಗೆದಿದ್ದೇನೆ.

ಬೆಂಗಳೂರಿನಿಂದ

‘ಸಂಸ್ಕೃತಿಸ್ಪಂದಿ’ಯನ್ನು ಕೂಡಿಸಿಯೇ ಬರೆಯಿರಿ. ನಡುವೆ ಜಾಗ ಬಿಟ್ಟರೆ ‘ಸಂಸ್ಕೃತಿ’ ಬೇರೆ ಪದವಾಗಿ ನಿಂತು ಸಮಾಸ ಒಡೆಯುತ್ತದೆ. ಕಿರುಗೆರೆಯೂ ಬೇಡ.

ಧಾರವಾಡದಿಂದ

ಅನುಮತಿಯ ಅಗತ್ಯವಿಲ್ಲ, ಓಗೊಡುವುದು ಯಾರ ಸ್ವತ್ತೂ ಅಲ್ಲ. ತಲೆಬರಹದ ಬಗ್ಗೆ ನನ್ನ ಭಿನ್ನಮತ ಹಾಗೆಯೇ ಉಳಿಯುತ್ತದೆ. ಕೈಪಿಡಿಯಲ್ಲಿ ಎಲ್ಲಿಯಾದರೂ ‘ಕಲಿಕಾ’ ಇದ್ದರೆ ಅದನ್ನಾದರೂ ತೆಗೆಯಿರಿ.

ಮೈಸೂರಿನಿಂದ

ಪ್ರತಿ ಅಧ್ಯಾಯದ ಮೊದಲಿಗೂ ‘ಕಲಿಕಾ ಗುರಿಗಳು’ ಎಂದಿತ್ತು. ಎಲ್ಲ ಕಡೆಯೂ ‘ಕಲಿಕೆಯ ಗುರಿಗಳು’ ಎಂದು ತಿದ್ದಿದ್ದೇನೆ.