ಈಗಿನ ಕಾಲದ ನೆಟ್ಸುಕೆ: ದಾರದ ತೂತು ಇಂದಿಗೂ ಮುಖ್ಯವೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನೆಟ್ಸುಕೆ ಎಂದರೆ ಜಪಾನಿನಲ್ಲಿ ಹಿಂದೆ ನಡುಪಟ್ಟಿಗೆ ತೂಗುಬಿಡುತ್ತಿದ್ದ ಡಬ್ಬಿ, ಚೀಲಗಳ ದಾರದ ತುದಿಗೆ ಹಾಕುತ್ತಿದ್ದ ಪುಟ್ಟ ಕೆತ್ತನೆ. ಇಂದು ಕೆತ್ತುತ್ತಿರುವ ಶಿಲ್ಪಿಯೊಬ್ಬರ ಇಂಥ ನೆಟ್ಸುಕೆಯನ್ನು ಮೊದಲ ಬಾರಿಗೆ ಕೊಳ್ಳಬೇಕೆಂದಿದ್ದೇನೆ. ವಿದೇಶದ ವ್ಯಾಪಾರಿಯೊಬ್ಬರು ಎರಡನ್ನು ತೋರಿಸಿದ್ದಾರೆ: ಒಂದು, ತ್ಸುಗೆ (ಜಪಾನಿ ಬಾಕ್ಸ್‌ವುಡ್) ಮರದಲ್ಲಿ ಕಡೆದ, ಮೈ ಮುದುಡಿ ಕುಳಿತ ನೆಲಗಪ್ಪೆ, ಇನ್ನೊಂದು, ಮ್ಯಾಮತ್ ದಂತದಲ್ಲಿ ಕಡೆದ, ರೆಕ್ಕೆ ಬಿಚ್ಚಿ ನಿಂತ ಕೊಕ್ಕರೆ. ಕೊಕ್ಕರೆಯೇ ಕಣ್ಣಿಗೆ ಹೆಚ್ಚು ಬೆರಗು ಹುಟ್ಟಿಸುತ್ತದೆ. ಆದರೆ ಅದರ ಬುಡದಲ್ಲಿ ದಾರ ಪೋಣಿಸುವ ತೂತುಗಳು ಹೆಸರಿಗಷ್ಟೇ ಇವೆ. ಯಾರೂ ನೆಟ್ಸುಕೆಯನ್ನು ತೊಡದ ಈ ಕಾಲದಲ್ಲಿ ಆ ತೂತುಗಳನ್ನು ನೋಡಿ ತೀರ್ಮಾನಿಸುವುದು ಸರಿಯೇ? ಯಾವುದನ್ನು ಕೊಂಡರೂ ಬೆಂಗಳೂರಿಗೆ ತರಿಸಿಕೊಳ್ಳಬೇಕು.

ಉತ್ತರ 1

ಸರಿ ಎಂದೇ ನನ್ನ ಅಭಿಪ್ರಾಯ. ಎದೋ ಕಾಲದ (1603–1868) ಕಿಮೊನೊಗೆ ಜೇಬು ಇರಲಿಲ್ಲವಾದ್ದರಿಂದ, ಗಂಡಸರು ಔಷಧಿಯ ಇನ್ರೊ ಡಬ್ಬಿಯನ್ನೋ ತಂಬಾಕಿನ ಚೀಲವನ್ನೋ ದಾರಕ್ಕೆ ಕಟ್ಟಿ, ಆ ದಾರವನ್ನು ನಡುಪಟ್ಟಿಯ ಹಿಂದಿನಿಂದ ಮೇಲಕ್ಕೆಳೆದು, ಜಾರದಂತೆ ತುದಿಗೆ ನೆಟ್ಸುಕೆ ಹಾಕುತ್ತಿದ್ದರು. ಬಟ್ಟೆಗೆ ಸಿಕ್ಕಿಕೊಳ್ಳುವ ಚೂಪು ತುದಿ ಅದಕ್ಕೆ ಇರಬಾರದು, ಸೊಂಟಕ್ಕೆ ಒತ್ತಬಾರದು, ತೂಗುಬಿಟ್ಟಾಗ ಆಕೃತಿಯ ಮುಖ ಹೊರಗೆ ತಿರುಗಿರಬೇಕು. ಹಿಮೊತೋಶಿ ಎಂಬ ಎರಡು ತೂತುಗಳಲ್ಲಿ ಒಂದನ್ನು ಹಲವು ಬಾರಿ ದೊಡ್ಡದಾಗಿ ಕೊರೆಯುವುದು ಗಂಟನ್ನು ಒಳಗೆ ಅಡಗಿಸಲಿಕ್ಕೆ. ಬಹುತೇಕ ಮೂರರಿಂದ ಐದು ಸೆಂಟಿಮೀಟರಿನೊಳಗೆ ಇಷ್ಟೆಲ್ಲವನ್ನೂ ಹೊಂದಿಸಬೇಕಾಗಿ ಬಂದದ್ದರಿಂದಲೇ ಈ ಕಲೆಗೆ ಇಷ್ಟು ಬಿಗಿ ಬಂದಿತು.

ಅದರ ನಂತರದ ಮೇಜಿ ಕಾಲದಲ್ಲಿ (1868–1912) ಪಾಶ್ಚಾತ್ಯ ಉಡುಪು ಬಂದು ನೆಟ್ಸುಕೆಯ ಬಳಕೆ ತಪ್ಪಿದ ಮೇಲೆ ಹೊರದೇಶದ ಗಿರಾಕಿಗಳಿಗಾಗಿ ಕಪಾಟಿನಲ್ಲಿಡುವ ಬೊಂಬೆಗಳೇ ಹೆಚ್ಚಾದವು. ಅವನ್ನು ಒಕಿಮೊನೊ ಎನ್ನುತ್ತಾರೆ. 20ನೆಯ ಶತಮಾನದ ಉತ್ತರಾರ್ಧದಲ್ಲಿ, ಟೋಕಿಯೊದಲ್ಲಿ ವಕೀಲರಾಗಿದ್ದ ಅಮೆರಿಕನ್ ಸಂಗ್ರಾಹಕ ರೇಮಂಡ್ ಬುಶೆಲ್ ಅವರಂಥವರ ಪ್ರೋತ್ಸಾಹದಿಂದ ಶಿಲ್ಪಿಗಳು ಹೊಸ ವಿಷಯಗಳತ್ತ ಹೊರಳಿದರು. ಬ್ರಿಟನ್ನಿನ ಗೈ ಶಾ ಅವರಂಥ ಹೊರನಾಡಿನವರೂ ಈ ಪರಂಪರೆಗೆ ಸೇರಿಕೊಂಡರು. ವಿಷಯ ಎಷ್ಟೇ ಹೊಸದಾಗಲಿ, ಮುಷ್ಟಿಯೊಳಗೆ ಹಿತವಾಗಿ ಕೂರದ, ಬುಡವನ್ನು ಬೆನ್ನಿನಷ್ಟೇ ಶ್ರದ್ಧೆಯಿಂದ ಕೆತ್ತದ ವಸ್ತುವನ್ನು ನಾನು ನೆಟ್ಸುಕೆ ಎಂದು ಒಪ್ಪಲಾರೆ. ನಿಮ್ಮ ಕೊಕ್ಕರೆ ಚೆಲುವಾದ ಒಕಿಮೊನೊ ಇರಬಹುದು. ಕಪ್ಪೆಯನ್ನು ಕೊಳ್ಳಿ.

ಉತ್ತರ 2

ರೂಪದ ಮಾತು ಹಾಗಿರಲಿ, ಕಾನೂನಿನ ದೃಷ್ಟಿಯಿಂದಲೂ ಕೊಕ್ಕರೆಯನ್ನು ಕೈಬಿಡಬೇಕು. ಮ್ಯಾಮತ್ ಅಳಿದುಹೋದ ಪ್ರಾಣಿ, ಅದರ ದಂತಕ್ಕೆ ನಿರ್ಬಂಧವಿಲ್ಲ ಎಂದು ವ್ಯಾಪಾರಿಗಳು ಹೇಳುವುದುಂಟು, ಹಲವು ದೇಶಗಳ ಮಟ್ಟಿಗೆ ಅದು ನಿಜವೂ ಹೌದು. ಭಾರತದಲ್ಲಿ ಹಾಗಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ದಂತದ ವ್ಯಾಪಾರಕ್ಕಿರುವ ನಿಷೇಧ ಮ್ಯಾಮತ್ ದಂತಕ್ಕೂ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2003ರಲ್ಲಿಯೇ ತೀರ್ಪು ನೀಡಿದೆ. ಆನೆಯ ದಂತವನ್ನು ಮ್ಯಾಮತ್ ದಂತವೆಂಬ ಹೆಸರಿನಲ್ಲಿ ದಾಟಿಸುವುದು ಸುಲಭವಾದ್ದರಿಂದ, ಕಾಡಾನೆಗಳಿರುವ ನಾಡಿನವರಾದ ನಾವು ಈ ನಿಷೇಧವನ್ನು ಮನಃಪೂರ್ವಕ ಒಪ್ಪಬೇಕೆಂದು ನನಗನ್ನಿಸುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು, ಕೊಕ್ಕರೆಯ ಯೋಚನೆ ಬಿಟ್ಟೆ. ಕಪ್ಪೆಯ ಬೆನ್ನಿನ ಗುಳ್ಳೆಗಳನ್ನು ಉಕಿಬೋರಿ ವಿಧಾನದಿಂದ ಮಾಡಿದ್ದೆಂದು ವ್ಯಾಪಾರಿ ಹೇಳುತ್ತಾರೆ. ಅದಕ್ಕೆ ಅಷ್ಟು ಬೆಲೆ ಕೊಡಬಹುದೇ?

ಉತ್ತರ 3

ಮಾತು ನಿಜವಾಗಿದ್ದರೆ ಖಂಡಿತ ಕೊಡಬಹುದು. ಮೊಂಡು ತುದಿಯ ಉಪಕರಣದಿಂದ ಮರವನ್ನು ಅಲ್ಲಲ್ಲಿ ಒತ್ತಿ ತಗ್ಗು ಮಾಡಿ, ಸುತ್ತಲಿನ ಮರವನ್ನು ಆ ತಗ್ಗಿನ ಮಟ್ಟಕ್ಕೆ ಹೆರೆದು, ಆಮೇಲೆ ನೀರು ತಾಗಿಸುತ್ತಾರೆ. ಒತ್ತಿಹೋಗಿದ್ದ ನಾರು ಉಬ್ಬಿ ಗುಳ್ಳೆಯಾಗಿ ಮೇಲೇಳುತ್ತದೆ. ಜಪಾನಿನ ಇವಾಮಿ ಪ್ರಾಂತ್ಯದ ಶಿಲ್ಪಿ ಸೇಯೋದೋ ತೊಮಿಹಾರು ಮತ್ತು ಅವರ ಪರಂಪರೆಯವರು 18ನೆಯ ಶತಮಾನದಿಂದಲೇ ಇದಕ್ಕೆ ಹೆಸರಾದವರು. ಭೂತಗನ್ನಡಿಯಲ್ಲಿ ನೋಡಿದಾಗ ಗುಳ್ಳೆಯ ಸುತ್ತ ಉಳಿಯ ಗೆರೆಗಳು ಕಾಣಬಾರದು. ಅಂಚು ಸುತ್ತಲಿನ ಮೈಯೊಳಗೆ ಮೆಲ್ಲಗೆ ಕರಗಿರಬೇಕು. ಎಲ್ಲ ಗುಳ್ಳೆಗಳೂ ಒಂದೇ ಅಚ್ಚಿನಂತಿದ್ದು, ಮೈಮೇಲೆ ಎರಕದ ಗೆರೆಯೂ ಸೂಕ್ಷ್ಮ ಗಾಳಿಗುಳ್ಳೆಗಳೂ ಕಂಡರೆ ಅದು ಮರವಲ್ಲ, ಅಚ್ಚಿಗೆ ಎರೆದ ಪ್ಲಾಸ್ಟಿಕ್ಕಿನಂಥ ರೆಸಿನ್ ಎಂದು ತಿಳಿಯಿರಿ. ಕಾಯಿಸಿದ ಸೂಜಿ ಚುಚ್ಚಿ ಪರೀಕ್ಷಿಸಲು ಯಾರಾದರೂ ಹೇಳಿದರೆ ಕೇಳಬೇಡಿ, ಕೃತಿ ಕೆಡುತ್ತದೆ.

ಹಣ ಕಳಿಸುವ ಮುನ್ನ ಬುಡದ, ಎರಡೂ ತೂತುಗಳ ಮತ್ತು ಸಹಿಯ ಹತ್ತಿರದ ಚಿತ್ರಗಳನ್ನು ತರಿಸಿಕೊಳ್ಳಿ. ಇಂದಿನ ಅನೇಕ ಶಿಲ್ಪಿಗಳು ತಾವೇ ಬರೆದು ಸಹಿ ಮಾಡಿದ ಮರದ ಪೆಟ್ಟಿಗೆಯನ್ನು ಜೊತೆಗೆ ಕೊಡುತ್ತಾರೆ. ಅದು ಇದೆಯೇ ಎಂದೂ ವಿಚಾರಿಸಿ.