ಅಪ್ಪಯ್ಯನ ಪಾಸ್‌ಬುಕ್ಕಿನ ಮೇಲೆ ‘ಹುಡುಗರದ್ದು’ ಎಂದು ಬರೆದಿದೆ. ಇದು ಟ್ರಸ್ಟ್ ಆಗುತ್ತದೆಯೇ?

ಡೊಂಬಿವಲಿ ಟೀಚರ್ ಕೇಳಿದ್ದು:

ನಮಸ್ಕಾರ. ನನ್ನ ಅಪ್ಪಯ್ಯ 1974ರಲ್ಲಿ ಕುಂದಾಪುರದ ಕಡೆಯಿಂದ ಮುಂಬೈಗೆ ಬಂದವರು. ಫೋರ್ಟಿನ ಒಂದು ಉಡುಪಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಮೂವತ್ತೆಂಟು ವರ್ಷ ಕುಳಿತರು. ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಅವರ ಟ್ರಂಕಿನಲ್ಲಿ ಕೆಂಪು ರಟ್ಟಿನ ಒಂದು ಲೆಕ್ಕದ ಪುಸ್ತಕ, ಅದರೊಳಗೆ ಒಂದು ಪಾಸ್‌ಬುಕ್ ಸಿಕ್ಕಿವೆ. ಖಾತೆ ಅಪ್ಪಯ್ಯನ ಹೆಸರಿನಲ್ಲೇ ಇದೆ. ಹೊದಿಕೆಯ ಮೇಲೆ ಮಾತ್ರ ಅವರದೇ ದುಂಡಕ್ಷರದಲ್ಲಿ ‘ಹುಡುಗರದ್ದು’ ಎಂದಿದೆ.

ಯಾವ ಹುಡುಗರು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಹೋಟೆಲಿನ ಅಟ್ಟದಲ್ಲಿ ಮಲಗುತ್ತಿದ್ದ ಮಾಣಿಗಳು. ಮೀಸೆ ಮೂಡುವ ಮೊದಲೇ ಊರು ಬಿಟ್ಟು ಬಂದು, ಹಗಲು ಲೋಟ ತೊಳೆದು, ಸಂಜೆ ಕನ್ನಡದ ರಾತ್ರಿಶಾಲೆಗೆ ಓಡುತ್ತಿದ್ದವರು. ಅಟ್ಟದಲ್ಲಿ ಬೀಗವಿರುವ ಪೆಟ್ಟಿಗೆ ಯಾರ ಬಳಿಯೂ ಇರಲಿಲ್ಲ. ಸಂಬಳದ ದಿನ ಊರಿಗೆ ಮನಿಯಾರ್ಡರ್ ಮಾಡಿ, ಉಳಿದದ್ದನ್ನು ಅಪ್ಪಯ್ಯನ ಕೈಗೆ ಕೊಡುತ್ತಿದ್ದರು. ಪುಸ್ತಕದಲ್ಲಿ ಒಬ್ಬೊಬ್ಬನಿಗೆ ಒಂದೊಂದು ಪುಟ: ಹೆಸರು, ಮನೆಯ ಹೆಸರು, ಊರು, ಕೊಟ್ಟ ಹಣ, ತಾರೀಖು. ಕೆಲಸ ಬಿಟ್ಟು ಹೊರಟ ದಿನ ಎಣಿಸಿ ಕೊಟ್ಟು, ಸಹಿ ಹಾಕಿಸಿಕೊಂಡು, ಪುಟಕ್ಕೆ ಅಡ್ಡಗೆರೆ ಎಳೆದಿದ್ದಾರೆ. ಒಟ್ಟು ನಲವತ್ತೆರಡು ಪುಟಗಳು. ಮೂವತ್ತೊಂಬತ್ತಕ್ಕೆ ಗೆರೆ ಬಿದ್ದಿದೆ. ಮೂರು ಹಾಗೆಯೇ ಉಳಿದಿವೆ. ಖಾತೆಯಿಂದ ಕೊನೆಯದಾಗಿ ಹಣ ತೆಗೆದದ್ದು 2012ರಲ್ಲಿ. 2018ರಲ್ಲಿ ಪಾಸ್‌ಬುಕ್ ತುಂಬಿಸಿದಾಗ ಬಡ್ಡಿ ಸೇರಿ ₹61,740 ಇತ್ತು.

ನನ್ನ ಅಣ್ಣನೇ ಅದಕ್ಕೆ ನಾಮಿನಿ. ಅವನು ಕೆಟ್ಟವನಲ್ಲ, ಅಪ್ಪಯ್ಯನ ಕೊನೆಯ ಎರಡು ವರ್ಷ ಹಗಲುರಾತ್ರಿ ನೋಡಿಕೊಂಡವನು ಅವನೇ. ಆದರೆ ಅವನ ಮಾತು ಹೀಗಿದೆ: ನಾಮಿನಿ ಎಂದಮೇಲೆ ಹಣ ನನ್ನದು, ಸಾಲಕ್ಕೆ ಮೂರು ವರ್ಷದ ಗಡುವು ಮುಗಿದು ಯಾವ ಕಾಲವಾಯಿತು, ಯಾರಾದರೂ ಬಂದರೆ ಅಸಲು ಕೊಡೋಣ, ಬಡ್ಡಿ ನಮ್ಮದು.

ಟ್ರಸ್ಟ್ ಎಂದರೆ ನನಗೆ ನೆನಪಾಗುವುದು ದೇವಸ್ಥಾನದ ಬೋರ್ಡು, ನೋಂದಣಿ ಸಂಖ್ಯೆ ಮುದ್ರಿಸಿದ ದೇಣಿಗೆ ರಸೀದಿ, ವರ್ಲಿಯ ಧರ್ಮದಾಯ ಆಯುಕ್ತರ ಕಚೇರಿ. ಅಪ್ಪಯ್ಯನ ವ್ಯವಹಾರಕ್ಕೆ ಕರಾರುಪತ್ರವಿಲ್ಲ, ಮೊಹರಿಲ್ಲ. ಹುಡುಗರು ನಂಬಿದರು, ಇವರು ಇಟ್ಟುಕೊಂಡರು. ಇಷ್ಟನ್ನು ಕಾನೂನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆಯೇ?

ಫೋರ್ಟ್ ವಕೀಲ:

ಟೀಚರಮ್ಮ, ಖಂಡಿತ ತೆಗೆದುಕೊಳ್ಳುತ್ತದೆ. ನೀವು ಹೇಳಿದ ದೇವಸ್ಥಾನದ ಟ್ರಸ್ಟು ಸಾರ್ವಜನಿಕ ಟ್ರಸ್ಟು. ಇಲ್ಲಿ ಅದಕ್ಕೆ 1950ರ ಕಾಯಿದೆ, ಆಯುಕ್ತರು, ನೋಂದಣಿ ಎಲ್ಲವೂ ಇವೆ. ಗೊತ್ತಾದ ಕೆಲವೇ ಜನರ ಹಿತಕ್ಕಾಗಿ ಇರುವುದು ಖಾಸಗಿ ಟ್ರಸ್ಟು. ಅದನ್ನು ನೋಡಿಕೊಳ್ಳುವುದು 1882ರ ಭಾರತೀಯ ನ್ಯಾಸ (ಎಂದರೆ ಟ್ರಸ್ಟ್) ಕಾಯಿದೆ. ಅದರ 3ನೆಯ ಕಲಮು ಟ್ರಸ್ಟನ್ನು ಸಂಸ್ಥೆ ಎನ್ನುವುದಿಲ್ಲ, ಹೊಣೆ ಎನ್ನುತ್ತದೆ: ಒಬ್ಬರ ಮೇಲೆ ವಿಶ್ವಾಸವಿಟ್ಟು, ಅವರು ಅದನ್ನು ಒಪ್ಪಿಕೊಂಡಾಗ, ಸ್ವತ್ತಿನ ಒಡೆತನಕ್ಕೆ ಅಂಟಿಕೊಳ್ಳುವ ಹೊಣೆ. ಸ್ಥಿರಾಸ್ತಿಯಾದರೆ ನೋಂದಾಯಿತ ಪತ್ರ ಅಥವಾ ಉಯಿಲು ಬೇಕು. ಹಣದಂತಹ ಚರ ಸ್ವತ್ತಿಗೆ, ಉದ್ದೇಶ ಸ್ಪಷ್ಟವಿದ್ದು ಸ್ವತ್ತು ಕೈಗೆ ಬಂದಿದ್ದರೆ ಸಾಕು.

ಅಣ್ಣನವರ ಮೂರು ಮಾತುಗಳಿಗೆ ಬರುತ್ತೇನೆ. ನಾಮಿನಿ ಎಂದರೆ ಒಡೆಯನಲ್ಲ, ಹಣ ಪಡೆಯುವ ಕೈ ಅಷ್ಟೇ. ವಿಮೆಯ ಹಣದ ಬಗ್ಗೆ ಸುಪ್ರೀಂ ಕೋರ್ಟ್ 1983ರಲ್ಲೇ ಹೀಗೆ ಹೇಳಿತು, ಷೇರುಗಳ ಬಗ್ಗೆ 2023ರ ಡಿಸೆಂಬರಿನಲ್ಲಿ ಮತ್ತೆ ಹೇಳಿತು.

ಗಡುವಿನ ವಿಚಾರದಲ್ಲಿ, ಇದು ಸಾಲವೋ ಠೇವಣಿಯೋ ನ್ಯಾಸವೋ ಎಂಬುದರ ಮೇಲೆಯೇ ಎಲ್ಲವೂ ನಿಂತಿದೆ. ಕೇಳಿದಾಗ ತೀರಿಸಬೇಕಾದ ಸಾಲವಾದರೆ, ಕೊಟ್ಟ ದಿನದಿಂದ ಮೂರು ವರ್ಷ. ಕೇಳಿದಾಗ ಹಿಂದಿರುಗಿಸುವ ಠೇವಣಿಯಾದರೆ, ಕೇಳಿದ ದಿನದಿಂದ ಮೂರು ವರ್ಷ. ಆ ಮೂವರು ಇನ್ನೂ ಕೇಳಿಯೇ ಇಲ್ಲ! ನಿರ್ದಿಷ್ಟ ಉದ್ದೇಶದ ನ್ಯಾಸವಾದರೆ, 1963ರ ಕಾಲಮಿತಿ ಕಾಯಿದೆಯ 10ನೆಯ ಕಲಮಿನಂತೆ ಗಡುವೇ ಇಲ್ಲ. ಟ್ರಸ್ಟಿ ತೀರಿಕೊಂಡರೂ ಅವರ ವಾರಸುದಾರರ ಕೈಯಲ್ಲಿರುವ ಆ ಹಣವನ್ನು ಎಷ್ಟೇ ಕಾಲದ ಮೇಲೂ ಕೇಳಬಹುದು. ಬಡ್ಡಿಯೂ ನಿಮ್ಮದಲ್ಲ. ನ್ಯಾಸದ ಸ್ವತ್ತಿನಿಂದ ಟ್ರಸ್ಟಿ ತನಗಾಗಿ ಲಾಭ ಮಾಡಿಕೊಳ್ಳುವಂತಿಲ್ಲ.

ಇನ್ನು ಒಂದು ಪ್ರಶ್ನೆ ನಾನೇ ಕೇಳಬೇಕು, ನ್ಯಾಯಾಧೀಶರೂ ಮೊದಲು ಕೇಳುವುದು ಇದನ್ನೇ. ಅಪ್ಪಯ್ಯ ಈ ಹಣವನ್ನು ತಮ್ಮ ಹಣದೊಂದಿಗೆ ಬೆರೆಸಿದ್ದರೇ? ತಮ್ಮ ಅಡಚಣೆಗೆ ಬಳಸಿ, ಆಮೇಲೆ ತುಂಬುತ್ತಿದ್ದರೇ? ಹಾಗಿದ್ದರೆ ಅದು ಸಾಲ ಅಥವಾ ಠೇವಣಿಯ ಕಡೆಗೆ ವಾಲುತ್ತದೆ. ಬೇರೆಯಾಗಿಯೇ ಇಟ್ಟಿದ್ದರೆ ಆ ‘ಹುಡುಗರದ್ದು’ ಎಂಬ ಬರಹಕ್ಕೆ ಬಹಳ ತೂಕವಿದೆ.

ನಂಬಿಕೊಟ್ಟ ಸ್ವತ್ತನ್ನು ದುರುದ್ದೇಶದಿಂದ ನುಂಗಿದರೆ ಭಾರತೀಯ ನ್ಯಾಯ ಸಂಹಿತೆಯ 316ನೆಯ ಕಲಮಿನಡಿ ಐದು ವರ್ಷದವರೆಗೆ ಶಿಕ್ಷೆಯಿದೆ. ಈ ಮಾತನ್ನು ದಯವಿಟ್ಟು ಅಣ್ಣನ ಮುಂದೆ ಎತ್ತಬೇಡಿ. ಪುಸ್ತಕ ತೋರಿಸಿ, ಸಾಕು.

ಠಾಣೆಯ ಲೆಕ್ಕಿಗ:

ವಕೀಲರು ‘ಬೆರೆಸಿದ್ದರೇ’ ಎಂದು ಕೇಳಿದ್ದು ನನ್ನ ಕಸುಬಿನಲ್ಲೂ ಮೂಲಪ್ರಶ್ನೆ. ಜನ ಬ್ಯಾಂಕನ್ನು ಕಣ್ಣುಮುಚ್ಚಿ ನಂಬುತ್ತಾರೆ, ಆದರೆ ನಿಮ್ಮ ಠೇವಣಿಗೆ ಬ್ಯಾಂಕು ಟ್ರಸ್ಟಿಯಲ್ಲ, ಸಾಲಗಾರ. ನಿಮ್ಮ ಹಣವನ್ನು ತನ್ನದರಲ್ಲಿ ಸೇರಿಸಿ ಇನ್ನೊಬ್ಬರಿಗೆ ಸಾಲ ಕೊಡುತ್ತದೆ. ಅದಕ್ಕೇ ಠೇವಣಿ ವಿಮೆ ಬೇಕಾಯಿತು. 2020ರ ಫೆಬ್ರುವರಿಯಿಂದ ಅದು ಅಸಲು, ಬಡ್ಡಿ ಸೇರಿ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ ₹5 ಲಕ್ಷದವರೆಗೆ ಇದೆ. ಮ್ಯೂಚುವಲ್ ಫಂಡ್ ಲಾಭದ ಭರವಸೆ ಕೊಡುವುದಿಲ್ಲ, ಬೆಲೆ ಇಳಿದರೆ ನಷ್ಟ ನಿಮ್ಮದೇ. ಆದರೂ ಕಾನೂನಿನಲ್ಲಿ ಅದೇ ಟ್ರಸ್ಟು! ಹೂಡಿಕೆದಾರರ ಸ್ವತ್ತು ನಿರ್ವಹಣಾ ಕಂಪನಿಯ ಸ್ವತ್ತಿನಲ್ಲಿ ಬೆರೆಯುವಂತಿಲ್ಲ. ಕಂಪನಿ ಮುಳುಗಿದರೂ ಅದಕ್ಕೆ ಸಾಲ ಕೊಟ್ಟವರು ಆ ಸ್ವತ್ತನ್ನು ಮುಟ್ಟುವಂತಿಲ್ಲ. ನಿಮ್ಮ ತಂದೆಯವರು ಒಂದು ಹೋಟೆಲಿನ ಗಲ್ಲಾದಲ್ಲಿ ಕುಳಿತು ಅದೇ ಕೆಲಸ ಮಾಡಿದ್ದಾರೆ.

ಒಂದು ಎಚ್ಚರಿಕೆ. ಪಾಸ್‌ಬುಕ್ ತುಂಬಿಸಿದರೆ ವ್ಯವಹಾರ ನಡೆಸಿದಂತೆ ಆಗುವುದಿಲ್ಲ. ಹತ್ತು ವರ್ಷ ವ್ಯವಹಾರವಿಲ್ಲದ ಖಾತೆಯ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. 2012ರಿಂದ ಎಣಿಸಿದರೆ ನಿಮ್ಮದು ಹೋಗಿರಬಹುದು. ಗಾಬರಿಯಾಗಬೇಡಿ, ಹಕ್ಕು ಅಳಿಯುವುದಿಲ್ಲ, ಅದೇ ಬ್ಯಾಂಕಿನ ಮೂಲಕ ಕೇಳಿ ಪಡೆಯಬಹುದು. ರಿಸರ್ವ್ ಬ್ಯಾಂಕಿನ ‘ಉದ್ಗಮ್’ ಜಾಲತಾಣದಲ್ಲಿ ತಂದೆಯವರ ಹೆಸರು ಹಾಕಿ ಹುಡುಕಿ.

ಹಳೆಯ ಮಾಣಿ:

ಮಗಳೇ, ನಾನು ನಿನ್ನ ಅಪ್ಪಯ್ಯನ ಹೋಟೆಲಿನವನಲ್ಲ, ಎರಡು ಬೀದಿ ಆಚೆಯವನು. ನನ್ನ ಹಣವನ್ನು ನಮ್ಮ ಅಡುಗೆ ಭಟ್ಟರು ಇಟ್ಟುಕೊಳ್ಳುತ್ತಿದ್ದರು. ತಿಂಗಳಿಗೆ ಹದಿನೈದು ರೂಪಾಯಿ. ಒಮ್ಮೆ ಸಿನಿಮಾ ನೋಡಲು ಎರಡು ರೂಪಾಯಿ ಕೇಳಿದರೆ ‘ಪರೀಕ್ಷೆ ಆಗಲಿ’ ಎಂದರು, ನಾನು ಅತ್ತೆ. ಎಸ್ಸೆಸ್ಸೆಲ್ಸಿ ಮುಗಿಸಿ ಹೊರಟಾಗ ಅವರು ಕೊಟ್ಟ ಕಟ್ಟಿನಲ್ಲಿ ತಂಗಿಯ ಮದುವೆಯ ಸೀರೆ ಬಂತು. ಭಟ್ಟರಿಗೆ ಓದಲು ಬರುತ್ತಿರಲಿಲ್ಲ, ಗೋಡೆಯ ಮೇಲೆ ಇದ್ದಿಲಿನಿಂದ ಗೀಟು ಹಾಕುತ್ತಿದ್ದರು. ಒಂದು ಗೀಟೂ ತಪ್ಪಿರಲಿಲ್ಲ.

ಮೂವರ ಹೆಸರನ್ನಾಗಲಿ ಅವರವರ ಮೊತ್ತವನ್ನಾಗಲಿ ಇಲ್ಲಿ ಹಾಕಬೇಡ, ಹತ್ತು ಮಂದಿ ಹುಟ್ಟಿಕೊಳ್ಳುತ್ತಾರೆ. ಪುಟದಲ್ಲಿ ಮನೆಯ ಹೆಸರು ಇದೆಯಲ್ಲ, ಅದು ದೊಡ್ಡ ಆಧಾರ. ನಮ್ಮ ಕಡೆ ಆಳು ಊರು ಬಿಟ್ಟರೂ ಮನೆಯ ಹೆಸರು ಉಳಿದಿರುತ್ತದೆ. ಊರಿನ ಅಂಚೆಯವರನ್ನು ಕೇಳು. ರಾತ್ರಿಶಾಲೆಯ ಹಳೆಯ ದಾಖಲಾತಿ ಪುಸ್ತಕ ಎಲ್ಲಾದರೂ ಉಳಿದಿದ್ದರೆ ತಂದೆಯ ಹೆಸರು ಸಿಗುತ್ತದೆ. ಬಂದವನನ್ನು ಅಟ್ಟ ಹತ್ತಲು ಏಣಿ ಯಾವ ಕಡೆ ಇತ್ತು ಎಂದು ಕೇಳು. ಅಲ್ಲಿ ಮಲಗಿದವನು ಅದನ್ನು ಮರೆಯುವುದಿಲ್ಲ.

ಡೊಂಬಿವಲಿ ಟೀಚರ್:

ಎಲ್ಲರಿಗೂ ಕೃತಜ್ಞತೆಗಳು. ವಕೀಲರ ಪ್ರಶ್ನೆಯನ್ನು ನಿನ್ನೆ ರಾತ್ರಿ ಊಟಕ್ಕೆ ಕುಳಿತಾಗ ಅಮ್ಮನನ್ನು ಕೇಳಿದೆ. ಅಣ್ಣನೂ ಇದ್ದ. ಇಷ್ಟು ದಿನ ಈ ವಿಚಾರದಲ್ಲಿ ಒಂದು ಮಾತೂ ಆಡದ ಅಮ್ಮ ಅನ್ನದ ಪಾತ್ರೆ ಕೆಳಗಿಟ್ಟು ಹೇಳಿದರು: ಅಣ್ಣನಿಗೆ ಆರು ವರ್ಷವಿದ್ದಾಗ ಟೈಫಾಯ್ಡ್ ಆಗಿ ಆಸ್ಪತ್ರೆಗೆ ಸೇರಿಸಬೇಕಾಯಿತಂತೆ. ಕೈಯಲ್ಲಿ ಕಾಸಿರಲಿಲ್ಲ. ಆ ಪಾಸ್‌ಬುಕ್ ಇದೆಯಲ್ಲ, ಈಗ ತೆಗೆದು ಆಮೇಲೆ ತುಂಬಿ ಎಂದು ಅಮ್ಮ ಕಾಲು ಹಿಡಿದರಂತೆ. ಅಪ್ಪಯ್ಯ ಉತ್ತರ ಕೊಡದೆ ಎದ್ದು ಹೋಗಿ, ಅಮ್ಮನ ಎರಡು ಬಳೆಗಳನ್ನು ಅಡವಿಟ್ಟು ಬಂದರು. ಒಂದು ಬಳೆ ಬಿಡಿಸಲು ಆಗಲೇ ಇಲ್ಲ. ಇನ್ನೊಂದು ಈಗಲೂ ಅಮ್ಮನ ಕೈಯಲ್ಲಿದೆ.

ಅಣ್ಣ ಬಹಳ ಹೊತ್ತು ತಟ್ಟೆ ನೋಡುತ್ತ ಕುಳಿತಿದ್ದ. ಶನಿವಾರ ಬ್ಯಾಂಕಿಗೆ ಹೋಗೋಣ, ಪುಸ್ತಕವನ್ನೂ ತೆಗೆದುಕೋ ಎಂದ. ಮೊದಲ ಪುಟದವನ ಊರಿನ ಅಂಚೆ ಕಚೇರಿಗೆ ಇವತ್ತು ಪತ್ರ ಹಾಕಿದ್ದೇನೆ.