‘ಅನೂರ್ಜಿತ ಮದುವೆ’: ಎರಡು ಅರ್ಥಕ್ಕೆ ಒಂದೇ ಪದ ಸಾಕೇ?

ಗೆಳೆಯರೇ, ಒಂದು ಪದದ ವಿಷಯದಲ್ಲಿ ನಿಮ್ಮ ಸಹಾಯ ಬೇಕು.

ಕಾನೂನು ನೆರವು ಕೊಡುವ ಒಂದು ಗುಂಪಿಗೆ ನಾನು ಕನ್ನಡದಲ್ಲಿ ಕರಪತ್ರ ಬರೆದುಕೊಡುತ್ತೇನೆ. ಹಿಂದೂ ವಿವಾಹ ಕಾಯ್ದೆಯ ಬಗ್ಗೆ ಬರೆದ ಎರಡು ಪುಟದ ಕರಪತ್ರವೊಂದನ್ನು ಹಿಡಿದುಕೊಂಡು ಮೊನ್ನೆ ಒಬ್ಬ ಹೆಂಗಸು ಬಂದರು. ನಾಲ್ಕಾಗಿ ಮಡಚಿದ ಕಾಗದ, ಮಡಿಕೆಯಲ್ಲಿ ಹರಿಯುವಷ್ಟು ಹಳತಾಗಿತ್ತು. ‘ಅನೂರ್ಜಿತ ವಿವಾಹ’, ಅಂದರೆ ಕಾನೂನಿನಲ್ಲಿ ನಿಲ್ಲದ ಮದುವೆ, ಅನ್ನುವ ಕಡೆ ಪೆನ್ನಿನಲ್ಲಿ ಎರಡು ಗೆರೆ. ಎಳೆದದ್ದು ಅವರ ಮೈದುನ.

ಸಂಗತಿ ಇಷ್ಟು. ಕಾಯಿಲೆ ಮುಚ್ಚಿಟ್ಟು ಮೋಸದಿಂದ ಮದುವೆ ಮಾಡಿದ್ದಾರೆ ಅಂತ ಗಂಡ ಕೋರ್ಟಿಗೆ ಹೋಗಿದ್ದರು. ತೀರ್ಪು ಬರುವ ಮೊದಲೇ ತೀರಿಕೊಂಡರು. ಉಯಿಲು ಬರೆದಿರಲಿಲ್ಲ. ಮಕ್ಕಳಿಲ್ಲ. “ಮೋಸದ ಮದುವೆ ಅನೂರ್ಜಿತ ಅಂತ ಇಲ್ಲೇ ಬರೆದಿದೆ. ಮದುವೆಯೇ ಆಗಿಲ್ಲ ಅಂದ ಮೇಲೆ ನಿನಗೆಲ್ಲಿಯ ಪಾಲು?” ಇದು ಮೈದುನನ ಮಾತು.

ಕಾನೂನು ಹಾಗೆ ಹೇಳುವುದಿಲ್ಲ. ಹಾಗೆ ಕೇಳಿಸುವಂತೆ ಮಾಡಿದ್ದು ನಾನು ಬಳಸಿದ ಪದ. ಅದಕ್ಕೇ ಈ ಪತ್ರ.

1955ರ ಹಿಂದೂ ವಿವಾಹ ಕಾಯ್ದೆಯ 11ನೇ ಸೆಕ್ಷನ್ನಿನಲ್ಲಿ ಬರುವ ಮದುವೆಗಳು ಹುಟ್ಟುವಾಗಲೇ ಸತ್ತವು. ಮೊದಲ ಹೆಂಡತಿಯೋ ಗಂಡನೋ ಬದುಕಿರುವಾಗ ಆದ ಎರಡನೇ ಮದುವೆ, ನಿಷೇಧಿಸಿದ ಹತ್ತಿರದ ಸಂಬಂಧದಲ್ಲಿ ಆದ ಮದುವೆ ಇಂಥವು. ಕೋರ್ಟು ಹೇಳಲಿ ಬಿಡಲಿ, ಅದು ಮದುವೆಯಲ್ಲ. 12ನೇ ಸೆಕ್ಷನ್ ಬೇರೆ. ಬಲವಂತ, ಮೋಸ, ಬುದ್ಧಿ ಸ್ಥಿಮಿತದಲ್ಲಿಲ್ಲದಾಗ ಕೊಟ್ಟ ಒಪ್ಪಿಗೆ, ಇಂಥ ಕಾರಣಗಳು ಅಲ್ಲಿವೆ. ಆ ಮದುವೆಗೆ ಜೀವ ಇದೆ. ಗಂಡ ಹೆಂಡತಿಯಲ್ಲಿ ಒಬ್ಬರು ಕೇಳಿ, ಕೋರ್ಟು ಡಿಕ್ರಿ (ತೀರ್ಪಿನ ಆದೇಶ) ಕೊಡುವವರೆಗೆ ಅದು ಪೂರ್ತಿ ಮದುವೆಯೇ. ಮೋಸದ ಕಾರಣ ಕೊಡುವುದಾದರೆ ಅದು ಗೊತ್ತಾದ 1 ವರ್ಷದೊಳಗೆ ಅರ್ಜಿ ಹಾಕಬೇಕು. ನಾನು ಈ ಎರಡಕ್ಕೂ ‘ಅನೂರ್ಜಿತ’ ಅಂತಲೇ ಬರೆದುಬಿಟ್ಟಿದ್ದೆ.

ಆ ಹೆಂಗಸಿನದು 12ನೇ ಸೆಕ್ಷನ್ನಿನ ಮಾತು. ಗಂಡ ಸತ್ತ ದಿನ ಅವರು ಹೆಂಡತಿ, ಮರುದಿನದಿಂದ ವಿಧವೆ. ಉಯಿಲಿಲ್ಲದೆ ಸತ್ತ ಹಿಂದೂ ಗಂಡಸಿನ ಸ್ವಯಾರ್ಜಿತ (ತಾನೇ ಗಳಿಸಿದ) ಆಸ್ತಿ 1956ರ ಉತ್ತರಾಧಿಕಾರ ಕಾಯ್ದೆಯಂತೆ ಮೊದಲ ವರ್ಗದ ವಾರಸುದಾರರಿಗೆ ಹೋಗುತ್ತದೆ. ವಿಧವೆ, ಮಕ್ಕಳು, ತಾಯಿ, ಇವರಿಗೆ ಸಮಪಾಲು. ಇಲ್ಲಿ ಸೊಸೆಗೆ ಅರ್ಧ, ಅತ್ತೆಗೆ ಅರ್ಧ. ತಂದೆ, ಅಣ್ಣತಮ್ಮಂದಿರು ಎರಡನೇ ವರ್ಗ. ಮೊದಲ ವರ್ಗದಲ್ಲಿ ಒಬ್ಬರಿದ್ದರೂ ಅವರಿಗೆ ಏನೂ ಬರುವುದಿಲ್ಲ. ಗೆರೆ ಎಳೆದ ಮೈದುನನಿಗೆ ಆ ಆಸ್ತಿಯಲ್ಲಿ ಪಾಲೇ ಇಲ್ಲ! ಇದನ್ನು ಹೇಳಿದಾಗ ಆಕೆ ಕಾಗದವನ್ನು ಮತ್ತೆ ಮಡಚಿ, “ಹಾಗಂತ ಇದರಲ್ಲಿ ಬರೀಬೇಕಿತ್ತು ಅಲ್ವಾ?” ಅಂದರು. ಹೌದು, ಬರೆಯಬೇಕಿತ್ತು.

ಈಗ ಪದಕ್ಕೆ ಬರೋಣ. ‘ಶೂನ್ಯ’, ‘ಶೂನ್ಯೀಕರಣೀಯ’ ಅಂತ ಒಂದು ಜೋಡಿ ಇದೆ. ವಕೀಲರಿಗೆ ಸರಿ, ಕರಪತ್ರಕ್ಕೆ ಆಗದು. 11ನೇ ಸೆಕ್ಷನ್ನಿನದಕ್ಕೆ ‘ಮೊದಲಿನಿಂದಲೇ ಅಸಿಂಧು’ ಅನ್ನೋಣ ಅಂತಿದ್ದೇನೆ. ಮತ ಅಸಿಂಧು, ನೋಟು ಅಸಿಂಧು ಅಂತ ಎಲ್ಲರಿಗೂ ಕೇಳಿ ಗೊತ್ತು. ಕಷ್ಟ ಇರುವುದು ಎರಡನೆಯದರಲ್ಲಿ. ‘ರದ್ದಾಗಬಹುದಾದ ಮದುವೆ’ ಅಂದರೆ ಯಾವಾಗಲೋ ತಾನಾಗಿಯೇ ರದ್ದಾಗಿಬಿಡುತ್ತೇನೋ ಅನ್ನಿಸುತ್ತದೆ. ನಮ್ಮ ‘ಬಹುದು’ ಸಾಧ್ಯತೆಯನ್ನೂ ಹೇಳುತ್ತದೆ, ಅನುಮತಿಯನ್ನೂ ಹೇಳುತ್ತದೆ. ‘ರದ್ದುಪಡಿಸಬಹುದಾದ’ ಅಂದರೆ ಸ್ವಲ್ಪ ವಾಸಿ. ‘ಪಡಿಸು’ ಬಂದಾಗ ಪಡಿಸುವವರು ಯಾರೋ ಇರಬೇಕು ಅಂತ ಗೊತ್ತಾಗುತ್ತದೆ. ಆದರೂ ಅದು ಯಾರು ಅಂತ ಪದ ಹೇಳುವುದಿಲ್ಲ. ‘ಕೋರ್ಟು ರದ್ದುಪಡಿಸುವವರೆಗೆ ಸಿಂಧು’ ಅಂತ ಬಿಡಿಸಿ ಬರೆದರೆ ತಪ್ಪು ತಿಳಿಯುವ ಸಂಭವವೇ ಇಲ್ಲ. ಉದ್ದ ಆಯಿತು, ಅಷ್ಟೇ. ಗೆರೆ ಎಳೆಯುವವರು ಈ ಸಾಲಿಗೆ ಎಳೆಯಲಿ.

ವಿಚ್ಛೇದನಕ್ಕೆ ಮಾತ್ರ ‘ರದ್ದು’ ಬೇಡವೇ ಬೇಡ. ಅಲ್ಲಿ ಇದ್ದ ಮದುವೆ ಮುಗಿಯುತ್ತದೆ.

‘ಜೀವನಾಂಶ’ದ್ದೂ ಒಂದು ತೊಡಕು. ನಮ್ಮ ಕಿವಿಗೆ ‘ಅಂಶ’ ಅಂದರೆ ಪಾಲು. “ಜೀವನಾಂಶ ಕೊಡ್ತಿದ್ನಲ್ಲ, ಆಸ್ತಿ ಲೆಕ್ಕ ಅಲ್ಲಿಗೆ ಮುಗೀತು” ಅನ್ನುವ ಮಾತನ್ನು ಎಷ್ಟೋ ಸಲ ಕೇಳಿದ್ದೇನೆ. ಎರಡಕ್ಕೂ ಸಂಬಂಧವಿಲ್ಲ. ಕೇಸು ನಡೆಯುವಾಗ ವಿವಾಹ ಕಾಯ್ದೆಯ 24ನೇ ಸೆಕ್ಷನ್ನಿನಲ್ಲಿ ಮಧ್ಯಂತರ ಜೀವನಾಂಶ ಪಡೆದ ಹೆಂಡತಿಯೂ, ಡಿಕ್ರಿಗೆ ಮೊದಲು ಗಂಡ ಸತ್ತರೆ ವಾರಸುದಾರಳೇ. ಇನ್ನೊಂದು ಕಡೆ, ಅಸಿಂಧು ಮದುವೆಯ ಹೆಂಡತಿಗೆ ವಿಧವೆಯ ಪಾಲು ಇಲ್ಲ. ಆದರೆ ಕೋರ್ಟು ಪರಿಸ್ಥಿತಿ ನೋಡಿ 25ನೇ ಸೆಕ್ಷನ್ನಿನಲ್ಲಿ ಶಾಶ್ವತ ಜೀವನಾಂಶ ಕೊಡಬಹುದು ಅಂತ 2025ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಅಂಥ ಮದುವೆಯ ಮಕ್ಕಳಂತೂ 16ನೇ ಸೆಕ್ಷನ್ನಿನಂತೆ ಸಕ್ರಮ ಮಕ್ಕಳು, ಅಪ್ಪ ಅಮ್ಮನ ಆಸ್ತಿಯಲ್ಲಿ ಅವರಿಗೆ ಹಕ್ಕಿದೆ. ‘ಬದುಕಿನ ಖರ್ಚು’ ಅಂದರೆ ಪಾಲಿನ ವಾಸನೆ ಹೋಗುತ್ತದೆ. ಆದರೆ ಕೋರ್ಟಿನ ಕಾಗದದಲ್ಲೆಲ್ಲ ‘ಜೀವನಾಂಶ’ ಅಂತಲೇ ಇರುವಾಗ ಬಿಡುವುದು ಹೇಗೆ? ಎರಡನ್ನೂ ಜೊತೆಗಿಡಬೇಕೇನೋ.

ನನ್ನ ಪ್ರಶ್ನೆ ಎರಡು. ‘ಕೋರ್ಟು ರದ್ದುಪಡಿಸುವವರೆಗೆ ಸಿಂಧು’ ಅನ್ನುವುದಕ್ಕೆ ನಿಮ್ಮ ಕಡೆ ಇದಕ್ಕಿಂತ ಚಿಕ್ಕ ಮಾತು ಬಳಕೆಯಲ್ಲಿದೆಯೇ? ಹಾಗೆಯೇ, ಉಯಿಲಿಲ್ಲದೆ ಸತ್ತವರ ಆಸ್ತಿಗೆ ‘ಉಯಿಲುರಹಿತ ಉತ್ತರಾಧಿಕಾರ’ ಅಂತ ಬರೆದರೆ ಯಾರೂ ಮುಂದೆ ಓದುವುದಿಲ್ಲ. ಹಳ್ಳಿಯಲ್ಲಿ ‘ಪೌತಿ’ ಅಂದರೆ ಎಲ್ಲರಿಗೂ ಗೊತ್ತು. ಆದರೆ ಪೌತಿ ಖಾತೆ, ಅಂದರೆ ಸತ್ತವರ ಖಾತೆ ವಾರಸುದಾರರ ಹೆಸರಿಗೆ ಆಗುವುದು, ಕಂದಾಯದ ದಾಖಲೆ ಅಷ್ಟೇ, ಹಕ್ಕನ್ನು ಅದು ಹುಟ್ಟಿಸುವುದಿಲ್ಲ. ಆ ಪದ ಹಿಡಿದರೆ ಇನ್ನೊಂದು ಮನೆಯಲ್ಲಿ ಇನ್ನೊಂದು ಗೆರೆ ಬೀಳಬಹುದು. ಹೊಸ ಕರಪತ್ರ ಅಚ್ಚಿಗೆ ಹೋಗುವ ಮೊದಲು ನಿಮಗೆ ತೋಚಿದ್ದನ್ನು ದಯವಿಟ್ಟು ಬರೆಯಿರಿ.